ಧೂಮಕೇತು ಬಳಗದ ಕೊಕ್ಕೆಗಳು

ನೋಟ್‌ಬುಕ್ಕಿಗೆ ಕಂದು ಕಾಗದದ ಹೊದಿಕೆ ಹಾಕುವ ವಿದ್ಯೆಯಲ್ಲಿ ನಾನು ನಿಷ್ಣಾತನೆಂದು ಹೇಳಿಕೊಂಡರೆ ಅದನ್ನು ಆತ್ಮಪ್ರಶಂಸೆಯೆಂದು ದಯವಿಟ್ಟು ತಿಳಿಯಬೇಡಿ. ಐವತ್ತೆಂಟು ವರ್ಷ ಬದುಕಿಯೂ ನಾನು ಸಂಪೂರ್ಣವಾಗಿ ಕೈವಶ ಮಾಡಿಕೊಂಡ ವಿದ್ಯೆ ಅದೊಂದೇ. ಮೂಲೆಯನ್ನು ಎಷ್ಟು ಮಡಿಸಬೇಕು, ಬೆನ್ನಿನ ಕಡೆ ಎಷ್ಟು ಸಡಿಲ ಬಿಟ್ಟರೆ ಪುಸ್ತಕ ಆರಾಮವಾಗಿ ತೆರೆದುಕೊಳ್ಳುತ್ತದೆ, ಗೋಂದು ಯಾಕೆ ಸರ್ವಥಾ ಕೂಡದು ಎಂಬುದರ ಬಗ್ಗೆಯೆಲ್ಲ ನನಗೆ ಅಚಲವಾದ ಅಭಿಪ್ರಾಯಗಳಿವೆ, ಅವನ್ನು ಪೂರ್ತಿ ಕೇಳುವ ಸಹನಾಶೀಲರು ಮಾತ್ರ ದೇವನಹಳ್ಳಿಯಲ್ಲಿ ಇನ್ನೂ ಸಿಕ್ಕಿಲ್ಲ. ಹೊದಿಕೆ ಹಾಕಿದ ಮೇಲೆ ಎಲ್ಲ ಪುಸ್ತಕಗಳೂ ಒಂದೇ. ಒಳಗಿರುವುದು ತ್ರಿಕೋನಮಿತಿಯೋ, ರಾಮನಾಮವೋ, ಹೇಳಿಕೊಳ್ಳಲಾಗದ ಪದ್ಯವೋ, ಹೊರಗಿನಿಂದ ನೋಡಿದವರಿಗೆ ತಿಳಿಯುವುದಿಲ್ಲ. ಈ ಸಮದರ್ಶಿತ್ವವನ್ನು ನಾನು ಬಹಳ ವರ್ಷ ಕಂದು ಕಾಗದದ ಪರಮ ಸದ್ಗುಣವೆಂದೇ ಭಾವಿಸಿದ್ದೆ. ಕಳೆದ ಅವರೆಕಾಯಿ ಕಾಲದ ಒಂದು ಭಾನುವಾರ ಆ ಭಾವನೆಗೆ ಪೆಟ್ಟು ಬಿತ್ತು, ಆ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ಮೊದಲು ನನ್ನ ಗುರುತು. ನಾನು ಒಂದು ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕ. ಅಂದರೆ, ಲೋಲಕಗಳಿಗೆ ದಾರ ಕಟ್ಟುವವನು, ಒಡೆದ ಮಸೂರಗಳಿಗೆ ವರದಿ ಬರೆಯುವವನು. ನನ್ನ ಜೊತೆಗಿರುವವಳು ಅಕ್ಕ ವಿಶಾಲಾಕ್ಷಿ, ನನಗಿಂತ ಎಂಟು ವರ್ಷ ದೊಡ್ಡವಳು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಭಾವ ತೀರಿಕೊಂಡ ಮೇಲೆ ಅವಳು ನನ್ನ ಮನೆಗೆ ಬಂದಳೆಂದು ನಾನೂ, ನಾನು ಅವಳ ಮನೆಯಲ್ಲಿದ್ದೇನೆಂದು ಅವಳೂ ಇಪ್ಪತ್ತೆಂಟು ವರ್ಷಗಳಿಂದ ನಂಬಿಕೊಂಡಿದ್ದೇವೆ. ಈಗಲೂ ಹತ್ತನೇ ತರಗತಿಯ ಹನ್ನೆರಡು ಮಕ್ಕಳಿಗೆ ನಮ್ಮ ಹಜಾರದಲ್ಲಿ ಪಾಠ ಹೇಳುತ್ತಾಳೆ, ವಿಮಾನ ತಲೆಯ ಮೇಲೆ ಹಾದಾಗಲೆಲ್ಲ ಮಾತು ನಿಲ್ಲಿಸಿ, ಸದ್ದು ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಾಳೆ. ಭಾನುವಾರ ಅವರ ನೋಟ್‌ಬುಕ್ಕುಗಳನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಾಳೆ. ಆ ಹನ್ನೆರಡು ನೋಟ್‌ಬುಕ್ಕುಗಳಿಗೂ ಹೊದಿಕೆ ಹಾಕಿದ ನಿಪುಣ ಯಾರೆಂದು ನೀವು ಈಗಾಗಲೇ ಊಹಿಸಿರುತ್ತೀರಿ.

ಅಕ್ಕನಿಗೆ ನಾನು ಹೇಳದೆ ಉಳಿಸಿಕೊಂಡದ್ದು ಒಂದೇ ಒಂದು ಸಂಗತಿ. ನನ್ನ ಮನಸ್ಸು ಹೆಂಗಸರ ಕಡೆ ಎಂದೂ ವಾಲಲಿಲ್ಲ, ವಾಲಿದ್ದೆಲ್ಲ ಗಂಡಸರ ಕಡೆಗೇ. ಯೌವನದಲ್ಲಿ ಇದನ್ನು ಹೇಳಲು ಧೈರ್ಯವಿರಲಿಲ್ಲ, ಧೈರ್ಯ ಬರುವ ವಯಸ್ಸಿಗೆ ಹೇಳುವ ಅಭ್ಯಾಸ ತಪ್ಪಿಹೋಗಿತ್ತು. ನೆಂಟರಿಷ್ಟರು ಜಾತಕಗಳನ್ನು ತರುತ್ತಿದ್ದರು. ನಾನು ವೈರಾಗ್ಯ, ಅನಾರೋಗ್ಯ, ಪ್ರಯೋಗಾಲಯದ ಕೆಲಸದೊತ್ತಡ ಎಂದು ನಾನಾ ಕಾರಣಗಳನ್ನು ಸಾಲಂಕೃತವಾಗಿ ಮಂಡಿಸುತ್ತಿದ್ದೆ. ನನ್ನ ನಲವತ್ತನೇ ವಯಸ್ಸಿನ ಸುಮಾರಿಗೆ ಜಾತಕಗಳು ಒಮ್ಮೆಲೇ ನಿಂತುಹೋದವು. ನನ್ನ ವಾಕ್ಚಾತುರ್ಯಕ್ಕೆ ಬಂಧುವರ್ಗ ಶರಣಾಯಿತೆಂದು ನಾನು ಮನಸ್ಸಿನಲ್ಲೇ ಬೀಗಿದ್ದೆ.

ಇನ್ನು ಬಳಗದ ವಿಚಾರ. ಪ್ರತಿ ತಿಂಗಳ ಎರಡನೇ ಭಾನುವಾರ ನಾನು ಸರ್ಕಾರಿ ಬಸ್ಸು ಹತ್ತಿ ವಿಜಯಪುರಕ್ಕೆ ಹೋಗುತ್ತೇನೆ. ಅಕ್ಕನಿಗೆ ಅದು ‘ವಿಜ್ಞಾನ ವೇದಿಕೆ’. ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಅಲ್ಲಿ ರೇಷ್ಮೆ ನೂಲು ಹುರಿ ಮಾಡುವ ಒಂದು ಚಿಕ್ಕ ಘಟಕವಿದೆ, ಅದರ ಒಡತಿ ಮಂಜುಳಾ. ವಾರವಿಡೀ ಕದಿರುಗಳ ಗರಗರದಲ್ಲಿ ಮಾತೇ ಕೇಳಿಸದ ಆ ಕಟ್ಟಡ ಭಾನುವಾರ ನಿಶ್ಶಬ್ದವಾಗುತ್ತದೆ. ಅದರ ಮಹಡಿಯ ಕೋಣೆಯಲ್ಲಿ ನಮ್ಮ ಧೂಮಕೇತು ಬಳಗ ಸೇರುತ್ತದೆ. ಬೇರೆ ಗ್ರಹಗಳ, ಬೇರೆ ಕಾಲಗಳ ವೈಜ್ಞಾನಿಕ ಕಥೆಗಳೆಂದರೆ ಪ್ರಾಣ ಬಿಡುವ, ಮತ್ತು ಪ್ರೀತಿಯ ವಿಷಯದಲ್ಲೋ ಹುಟ್ಟಿದಾಗ ಬರೆಸಿಕೊಂಡ ಲಿಂಗದ ವಿಷಯದಲ್ಲೋ ಊರಿನ ಪದ್ಧತಿಗೆ ಒಗ್ಗದ ಜನರ ಸಂಘ ಇದು. ಇಂಥ ಸಂಘಕ್ಕೆ ಎಷ್ಟು ಸದಸ್ಯರು ಸಿಕ್ಕಾರೆಂದು ನೀವು ಹುಬ್ಬೇರಿಸಬಹುದು. ನಮ್ಮ ಸುತ್ತಮುತ್ತಲಿನ ನಾಲ್ಕು ತಾಲ್ಲೂಕುಗಳನ್ನು ಜರಡಿಯಾಡಿ ನಮಗೆ ಸಿಕ್ಕಿದ್ದು ಐದು ಜನ. ಧೂಮಕೇತುವನ್ನು ಊರು ಅಪಶಕುನವೆನ್ನುತ್ತದೆ, ಅದು ಮಾತ್ರ ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ತಾನು ಸುತ್ತಿಕೊಂಡಿರುತ್ತದೆ. ಹೆಸರಿಟ್ಟವಳು ಮಂಜುಳಾ.

ಬಳಗ ಹುಟ್ಟಿದ್ದು ಗ್ರಂಥಾಲಯದ ಒಂದು ಹಳೆಯ ಪುಸ್ತಕದ ಅಂಚಿನಲ್ಲಿ. ಇಬ್ಬರು ಹೆಣ್ಣುಮಕ್ಕಳು ದೂರದ ಗ್ರಹವೊಂದರಲ್ಲಿ ಸಿಕ್ಕಿಬಿದ್ದು, ರಕ್ಷಣಾ ನೌಕೆಗಾಗಿ ಕಾಯುವ ಕಥೆ ಅದು. ಕೊನೆಯ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ‘ಇವರು ವಾಪಸ್ ಬರದೇ ಇದ್ದಿದ್ದರೆ ಚೆನ್ನಾಗಿತ್ತು’ ಎಂದು ಬರೆದಿದ್ದರು. ಸಾರ್ವಜನಿಕ ಪುಸ್ತಕದಲ್ಲಿ ಗೀಚುವವರನ್ನು ಕಂಡರೆ ಉರಿದುಬೀಳುವ ನಾನು, ಅಂದು ಜೇಬಿನಿಂದ ಪೆನ್ಸಿಲು ತೆಗೆದು ಅದರ ಕೆಳಗೆ ‘ನನಗೂ ಹಾಗೇ ಅನ್ನಿಸಿತು’ ಎಂದು ಬರೆದೆ. ಮೂರು ತಿಂಗಳ ನಂತರ ಅದೇ ಪುಟದಲ್ಲಿ ‘ಯಾರು ನೀವು?’ ಎಂಬ ಪ್ರಶ್ನೆಯಿತ್ತು. ಮಂಜುಳಾ ಮತ್ತು ಅವಳ ಜೊತೆಗಾತಿ ರೇಣುಕಾ, ಊರಿನ ಪಾಲಿಗೆ ದಾಯಾದಿ ಅಕ್ಕತಂಗಿಯರು, ನನಗೆ ಸಿಕ್ಕಿದ್ದು ಹಾಗೆ. ಆಮೇಲೆ ಬಂದವನು ನಾಗೇಶ, ಬಸ್ ಕಂಡಕ್ಟರು, ಚನ್ನರಾಯಪಟ್ಟಣ ಹೋಬಳಿಯ ರೈತರ ಮನೆಯವನು. ಅವನ ಕಥೆಗಳಲ್ಲಿ ಮನುಷ್ಯ ಎಷ್ಟೇ ದೂರದ ನಕ್ಷತ್ರಕ್ಕೆ ಹೋಗಲಿ, ಎರಡನೇ ಪುಟದಲ್ಲಿ ಭೂಸ್ವಾಧೀನದ ನೋಟಿಸು ಬಂದೇ ಬರುತ್ತದೆ. ಕೊನೆಗೆ ಬಂದವಳು ಸಿಂಚನಾ, ಇಪ್ಪತ್ತಾರು ವರ್ಷದವಳು, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಪಾಳಿಯ ಕೆಲಸ. ತ್ಯಾಮಗೊಂಡ್ಲು ಕಡೆಯ ತೋಟದ ಮನೆಯಲ್ಲಿ ಗಂಡುಮಗುವೆಂದು ಹೆಸರಿಡಿಸಿಕೊಂಡು ಹುಟ್ಟಿದವಳು ತನ್ನ ಹೆಸರನ್ನು ತಾನೇ ಇಟ್ಟುಕೊಂಡಳು, ಅಂದಿನಿಂದ ಆ ಮನೆಯ ಬಾಗಿಲು ಅವಳಿಗೆ ತೆರೆದಿಲ್ಲ. ನಮ್ಮಲ್ಲೆಲ್ಲ ಚೆನ್ನಾಗಿ ಬರೆಯುವವಳೂ ಅವಳೇ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಪ್ರತಿಯೊಬ್ಬರೂ ಸರದಿಯಂತೆ ಕಥೆ ಬರೆದು ಓದಬೇಕು, ಕೇಳಿದವರೆಲ್ಲ ಅದಕ್ಕೆ ಕೊಕ್ಕೆ ಹಾಕಬೇಕು. ಬಲಪುಟದಲ್ಲಿ ಕಥೆ, ಖಾಲಿ ಬಿಟ್ಟ ಎಡಪುಟದಲ್ಲಿ ಕೊಕ್ಕೆ. ನಿಯಮಗಳು ಮೂರು. ಗ್ರಹದ ಬಗ್ಗೆ ಏನು ಬೇಕಾದರೂ ಕೇಳಬಹುದು, ಬರೆದವರ ಬಗ್ಗೆ ಏನೂ ಕೇಳಕೂಡದು. ಕೊಕ್ಕೆ ಹಾಕುವಾಗ ಬರೆದವರು ತುಟಿ ಬಿಚ್ಚಕೂಡದು. ನೋಟ್‌ಬುಕ್ಕಿನ ಮೇಲೆ ಹೆಸರಿರಕೂಡದು. ಟೈಪು ಮಾಡಿಸಿದರೆ ಜೆರಾಕ್ಸ್ ಅಂಗಡಿಯವನು ಮೊದಲ ಓದುಗನಾಗುತ್ತಾನೆಂಬ ಭಯದಿಂದ ಎಲ್ಲವೂ ಕೈಬರಹ. ಮೊದಲ ನಿಯಮದ ಸೌಖ್ಯ ಎಷ್ಟೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ‘ಈ ಗ್ರಹದಲ್ಲಿ ಮಕ್ಕಳು ದೊಡ್ಡವರಾದ ಮೇಲೆ ತಾವೇ ಹೆಸರು ಆರಿಸಿಕೊಳ್ಳುತ್ತಾರೆ’ ಎಂದು ಸಿಂಚನಾ ಓದಿದರೆ ನಾವು ಅವಳ ಮುಖ ನೋಡುವುದಿಲ್ಲ, ಆ ಗ್ರಹದ ಶಾಲೆಯಲ್ಲಿ ಹಾಜರಿ ಹೇಗೆ ಕರೆಯುತ್ತಾರೆಂದು ಕೇಳುತ್ತೇವೆ. ಅವಳು ಗಂಭೀರವಾಗಿ ಟಿಪ್ಪಣಿ ಮಾಡಿಕೊಳ್ಳುತ್ತಾಳೆ.

ಈ ನಿಯಮದ ಭದ್ರತೆಯನ್ನು ನೆಚ್ಚಿಕೊಂಡು ನಾನು ಆ ಸಲ ಸ್ವಲ್ಪ ಸ್ವಾತಂತ್ರ್ಯ ವಹಿಸಿದೆ. ಯಮಳವೆಂಬ ಗ್ರಹ, ಅದಕ್ಕೆ ಇಬ್ಬರು ಸೂರ್ಯರು. ಅಲ್ಲಿ ಒಬ್ಬ ನಡುವಯಸ್ಸಿನ ಉಪಕರಣಪಾಲಕ, ಊರಿಗೆ ನೀರು ಬಿಡುವವನ ಮೇಲೆ ಅವನಿಗೆ ಹೇಳಲಾಗದ ಪ್ರೀತಿ. ನೀರು ಬಿಡುವವನು ಒಂದು ದಿನ ಬೇರೆ ಗೋಳಾರ್ಧಕ್ಕೆ ವರ್ಗವಾಗಿ ಹೋಗುತ್ತಾನೆ, ಅಲ್ಲೇ ಮದುವೆಯಾಗುತ್ತಾನೆ. ಉಪಕರಣಪಾಲಕನ ಮನೆಯಲ್ಲಿ ಒಬ್ಬ ಅಕ್ಕ. ತಮ್ಮನಾದವನು ಹವಾಮಾನ ವೀಕ್ಷಣಾಲಯಕ್ಕೆ ಹೋಗುತ್ತೇನೆಂದು ಸುಳ್ಳು ಹೇಳಿ ತನ್ನಂಥವರನ್ನು ಹುಡುಕಿಕೊಂಡು ಹೊರಟಾಗಲೆಲ್ಲ ಆ ಸರಳ ಹೆಂಗಸು ಏನೂ ಅರಿಯದೆ ಬುತ್ತಿ ಕಟ್ಟಿಕೊಡುತ್ತಾಳೆ. ಅನ್ಯಗ್ರಹದ ವೇಷ ತೊಡಿಸಿದ್ದೇನೆಂದು ನನಗೆ ತೃಪ್ತಿಯಿತ್ತು. ಈಗ ಯೋಚಿಸಿದರೆ, ವೇಷವೆಂದರೆ ಆ ಎರಡನೆಯ ಸೂರ್ಯ ಮಾತ್ರ.

ಆ ಭಾನುವಾರ ಬಸ್ಸಿಗೆ ತಡವಾಗಿತ್ತು. ಅಕ್ಕ ನಾಲ್ಕು ಅಂತಸ್ತಿನ ಕ್ಯಾರಿಯರ್ ಕೈಗಿತ್ತಳು, ನಾನು ಹಜಾರದ ಮೇಜಿನಿಂದ ನೋಟ್‌ಬುಕ್ ಎತ್ತಿಕೊಂಡು ಓಡಿದೆ. ವಿಜಯಪುರದ ಮಹಡಿಯಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತ ಮೇಲೆ, ಗಂಟಲು ಸರಿಪಡಿಸಿಕೊಂಡು, ಪುಸ್ತಕ ತೆರೆದು, ಮೊದಲ ಸಾಲನ್ನು ಉಚಿತವಾದ ಗಾಂಭೀರ್ಯದಿಂದ ಓದಿದೆ: ‘ವೃತ್ತದ ಹೊರಗಿನ ಒಂದು ಬಿಂದುವಿನಿಂದ ಎಳೆದ ಸ್ಪರ್ಶಕಗಳು ಪರಸ್ಪರ ಸಮವೆಂದು ಸಾಧಿಸಿ.’

ಎಲ್ಲರೂ ತಲೆದೂಗಿದರು. ನಾಗೇಶನಂತೂ ಮೆಚ್ಚಿಕೆಯಿಂದ, "ಸಾರ್, ಓಪನಿಂಗ್ ಸಖತ್ತಾಗಿದೆ" ಎಂದ.

ನಾನು ಮೊದಲ ಪುಟದ ಮೂಲೆ ನೋಡಿದೆ. ‘ಪಲ್ಲವಿ, ಹತ್ತನೇ ತರಗತಿ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಹಾಗಾದರೆ ಯಮಳ ಗ್ರಹ, ಅದರ ಇಬ್ಬರು ಸೂರ್ಯರ ಸಮೇತ, ನಮ್ಮ ಹಜಾರದ ಮೇಜಿನ ಮೇಲೆ, ಹನ್ನೊಂದು ನೋಟ್‌ಬುಕ್ಕುಗಳ ನಡುವೆ ಅಕ್ಕನ ಕೆಂಪು ಪೆನ್ನಿಗಾಗಿ ಕಾಯುತ್ತಿತ್ತು. ಐವತ್ತೆಂಟರ ಗಂಡಸು ಅಕ್ಕನಿಗೆ ಹೆದರುವುದು ನಗೆಪಾಟಲೆಂದು ನನಗೂ ಗೊತ್ತು. ಆದರೆ ಪ್ರಪಂಚದಲ್ಲಿ ನನಗೆ ಉಳಿದಿರುವವಳು ಅವಳೊಬ್ಬಳು, ಅವಳು ನನ್ನನ್ನು ಬೇರೆ ಕಣ್ಣಿನಿಂದ ನೋಡಿದರೆ ಆ ಮನೆಯಲ್ಲಿ ಉಸಿರಾಡುವುದು ಹೇಗೆಂದು ನಿಜವಾಗಿಯೂ ತಿಳಿಯಲಿಲ್ಲ.

ವಿಷಯ ಹೇಳಿದೆ. ಮಂಜುಳಾ, "ಮೇಡಂ ಭಾನುವಾರನೂ ತಿದ್ತಾರಾ?" ಎಂದಳು.

"ಭಾನುವಾರ ಮಾತ್ರ ತಿದ್ದೋದು."

"ಹನ್ನೆರಡು ಗಂಟೆ ಗಾಡಿ ಇದೆ ಸಾರ್, ಡ್ರೈವರ್ ನಮ್ಮೋನೇ, ಎಲ್ಲೂ ನಿಲ್ಸ್ಬೇಡ ಅಂತೀನಿ" ಎಂದು ನಾಗೇಶ ಆಗಲೇ ಫೋನು ಕೈಗೆತ್ತಿಕೊಂಡ. ರೇಣುಕಾ ಒಂದು ಲೋಟ ನೀರು ತಂದಿಟ್ಟಳು. ಸಿಂಚನಾ ತಗ್ಗಿದ ದನಿಯಲ್ಲಿ ಹೇಳಿದಳು: "ಸಾರ್, ಮನೇಲಿ ಗೊತ್ತಾದ್ರೆ ಏನಾಗುತ್ತೆ ಅಂತ ನಂಗೊತ್ತು. ಮೊದ್ಲು ಕಿರುಚ್ತಾರೆ, ಆಮೇಲೆ ಅಳ್ತಾರೆ, ಆಮೇಲೆ ಬಾಗ್ಲು ಹಾಕ್ತಾರೆ. ಹೋದ್ ತಕ್ಷಣ ಒಂದು ಬ್ಯಾಗಲ್ಲಿ ಬಟ್ಟೆ, ಮಾತ್ರೆ, ಆಧಾರ್ ಕಾರ್ಡು ಎತ್ತಿಟ್ಕೊಂಡ್ಬಿಡಿ. ನಾನು ಆಧಾರ್ ಬಿಟ್ಟು ಬಂದ್ಬಿಟ್ಟಿದ್ದೆ, ತುಂಬಾ ಕಷ್ಟ ಆಯ್ತು." ಅವಳ ಮಾತಿನಲ್ಲಿ ಹೆದರಿಸುವ ಉದ್ದೇಶವಿರಲಿಲ್ಲ, ದಾರಿ ಬಲ್ಲವರು ದಾರಿ ಹೇಳುವ ರೀತಿಯಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆಧಾರ್ ಕಾರ್ಡು ಎಲ್ಲಿದೆಯೆಂದು ನೆನಪಿಸಿಕೊಳ್ಳಲು ಯತ್ನಿಸಿದೆ. ಅದು ಅಕ್ಕನ ಬೀರುವಿನಲ್ಲಿತ್ತು. ನನ್ನ ಪಿಂಚಣಿ ಕಾಗದಗಳು, ಜನ್ಮದಾಖಲೆ, ಹಳೆಯ ಕನ್ನಡಕ ಎಲ್ಲವೂ ಅವಳ ಬೀರುವಿನಲ್ಲೇ ಇದ್ದವು. ಮನೆ ಬಿಟ್ಟು ಹೋಗಬೇಕಾದರೂ ನಾನು ಮೊದಲು ಅಕ್ಕನನ್ನು ಬೀಗದ ಕೈ ಕೇಳಬೇಕಾಗಿತ್ತು. ಹಿಪ್ಪುನೇರಳೆ ತೋಟಗಳೂ, ದ್ರಾಕ್ಷಿ ಚಪ್ಪರಗಳೂ, ಹೊಸ ಬಡಾವಣೆಗಳ ಬಣ್ಣದ ಫಲಕಗಳೂ ಹಿಂದಕ್ಕೆ ಓಡುತ್ತಿದ್ದವು. ಡ್ರೈವರು ನಾಗೇಶನ ಮಾತಿಗೆ ಕಟ್ಟುಬಿದ್ದು ಎಲ್ಲೂ ನಿಲ್ಲಿಸದೆ ಹೊಡೆಯುತ್ತಿದ್ದ. ಜೀವನದಲ್ಲಿ ಮೊದಲ ಸಲ ನಾನು ಬಸ್ಸು ಕೆಟ್ಟು ನಿಲ್ಲಲೆಂದು ಹಾರೈಸಿದೆ.

ಅಕ್ಕ ಹಜಾರದಲ್ಲಿ ಕನ್ನಡಕ ಮೂಗಿನ ತುದಿಗಿಳಿಸಿ ಕೂತಿದ್ದಳು. ಎಡಗಡೆ ತಿದ್ದಬೇಕಾದ ಪುಸ್ತಕಗಳು ಮೂರು, ಬಲಗಡೆ ತಿದ್ದಿದವು. "ಪಲ್ಲವಿ ಪುಸ್ತಕ ನೀನ್ ತಗೊಂಡ್ ಹೋಗಿದ್ಯಾ? ಕೊಡಿಲ್ಲಿ, ನಾಳೆ ಅವಳಿಗೆ ಬೇಕು" ಎಂದಳು. ಕೊಟ್ಟೆ. ಅವಳು ಬಲಗಡೆಯ ರಾಶಿಯಿಂದ ಒಂದು ಪುಸ್ತಕವನ್ನು ಎಳೆದು, ನನ್ನ ಮುಖ ನೋಡದೆ, ಕೈಗಿತ್ತಳು. ತಿದ್ದಿ ಮುಗಿಸಿದ್ದಳು. ನಾನು ಅದನ್ನು ಹಿಡಿದುಕೊಂಡು ನನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ.

ಮೊದಲ ಎಡಪುಟದಲ್ಲೇ ಕೆಂಪು ಅಕ್ಷರ: ‘ಇಬ್ಬರು ಸೂರ್ಯರಿದ್ದರೆ ನೆರಳೂ ಎರಡು ಬೀಳಬೇಕು. ನಿನ್ನ ನಾಯಕನಿಗೆ ಒಂದೇ ನೆರಳು ಯಾಕೆ?’ ನಾನು ಹಣೆ ಚಚ್ಚಿಕೊಂಡೆ. ಧೂಮಕೇತು ಬಳಗದ ಐವರಲ್ಲಿ ಯಾರಿಗೂ ಅದು ಹೊಳೆಯುತ್ತಿರಲಿಲ್ಲ. ಮುಂದೆ: ‘ವರ್ಷಕ್ಕೆ ಎರಡನೇ ಪುಟದಲ್ಲಿ ಇನ್ನೂರು ದಿನ, ಒಂಬತ್ತನೇ ಪುಟದಲ್ಲಿ ಇನ್ನೂರ ಹದಿನಾಲ್ಕು. ಯಾವುದು ಸರಿ?’ ಆಮೇಲೆ: ‘ಗಾಳಿಯ ಒತ್ತಡ ಇಷ್ಟು ಕಡಿಮೆಯಿರುವ ಕಡೆ ನೀರು ಬೇಗ ಕುದಿಯುತ್ತದೆ, ಅನ್ನ ಬೇಯುವುದಿಲ್ಲ. ಈ ಅಕ್ಕ ಬುತ್ತಿ ಹೇಗೆ ಕಟ್ಟಿದಳು?’ ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ದಾರ ಕಟ್ಟಿದ ನನಗೆ ಆ ಪ್ರಶ್ನೆ ತಗುಲಬೇಕಾದ ಕಡೆ ತಗುಲಿತು. ಉಪಕರಣಪಾಲಕ ನೀರು ಬಿಡುವವನ ಕೈ ಹಿಡಿಯುವ ಪುಟಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಅಲ್ಲಿ ಕೆಂಪು ಶಾಯಿ ಒಂದು ಕಡೆ ಮಾತ್ರ ಇತ್ತು. ‘ಆರ್ದ್ರತೆ’ ಎಂಬಲ್ಲಿ ನಾನು ಬಿಟ್ಟಿದ್ದ ಒತ್ತಕ್ಷರವನ್ನು ಸೇರಿಸಿ, ಮುಂದಿನ ಪುಟಕ್ಕೆ ಹೋಗಿದ್ದಳು.

ಕೊನೆಯ ಪುಟದಲ್ಲಿ ಗೆರೆ ಎಳೆದು, ಐವತ್ತಕ್ಕೆ ಮೂವತ್ತೊಂದು ಅಂಕ ಕೊಟ್ಟು, ಅದರ ಕೆಳಗೆ ಬರೆದಿದ್ದಳು: ‘ಅಕ್ಕನ ಪಾತ್ರ ನಂಬುವಂತಿಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದವಳಿಗೆ ತಮ್ಮ ಎಂಥವನೆಂದು ಗೊತ್ತಾಗುವುದಿಲ್ಲವೇ? ಇವಳನ್ನು ದಡ್ಡಿ ಮಾಡಿದ್ದೀಯ. ತಿದ್ದಿ ಬರೆ.’

ಪುಸ್ತಕ ಮುಚ್ಚಿಟ್ಟೆ. ಎದ್ದು ಹೋದಾಗ ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ನಾನೂ ಎದುರಿಗೆ ಕೂತು ಒಂದು ಹಿಡಿ ಎತ್ತಿಕೊಂಡೆ. ಈ ಕೆಲಸದಲ್ಲಿ ಒಂದು ಅನುಕೂಲವಿದೆ, ಕಣ್ಣು ಕೆಳಗಿರಬೇಕು.

"ಓದಿದ್ಯಾ?"

"ಹೂಂ."

"ಅನ್ನದ ವಿಷ್ಯ ಒಪ್ತೀಯಾ?"

"ಒಪ್ತೀನಿ ಅಕ್ಕ. ಕುಕ್ಕರ್ ಇಡ್ಬೇಕಿತ್ತು."

"ಫಿಸಿಕ್ಸ್ ಲ್ಯಾಬಲ್ಲಿ ಅಷ್ಟು ವರ್ಷ ಏನ್ ಮಾಡ್ದೆ ನೀನು?" ಎಂದು ಗದರಿ, ಸಿಪ್ಪೆಯನ್ನು ಒಂದು ಕಡೆ ಒತ್ತರಿಸಿ, ಅದೇ ದನಿಯಲ್ಲಿ ಕೇಳಿದಳು: "ಆ ನೀರು ಬಿಡೋನು, ಸರ್ವೆ ಆಫೀಸಿನ ಶಿವಶಂಕರ ತಾನೇ?"

ಆ ಹೆಸರನ್ನು ನಮ್ಮ ಮನೆಯಲ್ಲಿ ಇನ್ನೊಬ್ಬರ ಬಾಯಿಂದ ಕೇಳಿ ಇಪ್ಪತ್ತು ವರ್ಷವಾಗಿತ್ತು. ನಾನು ಹೌದೆಂದು ತಲೆಯಾಡಿಸಿದೆ.

"ಎರಡು ದೀಪಾವಳಿಗೆ ಬಂದಿದ್ದ. ಹೋಳಿಗೆ ಮೇಲೆ ತುಪ್ಪ ಬೇಡ ಅಂತಿದ್ದ. ನಂಗೆ ಅವ್ನು ಹಿಡಿಸ್ಲಿಲ್ಲ."

"ತುಪ್ಪ ಬೇಡ ಅಂದಿದ್ದಕ್ಕಾ?"

"ಅಲ್ಲ ಕಣೋ. ಅವ್ನು ಬೀದರ್‌ಗೆ ಹೋದ್ಮೇಲೆ ನೀನು ಊಟ ಬಿಟ್ಟೆಯಲ್ಲ, ಅದಕ್ಕೆ." ಒಂದು ವಿಮಾನ ಹಾದುಹೋಯಿತು. ಅವಳು ಕಾದಳು. "ಗ್ಯಾಸ್ಟ್ರಿಕ್ ಅಂದೆ ನೀನು. ನಾನು ಜೀರಿಗೆ ಕಷಾಯ ಮಾಡ್ಕೊಟ್ಟೆ. ಒಂದು ತಿಂಗ್ಳು ಕಷಾಯ. ಅದು ಗ್ಯಾಸ್ಟ್ರಿಕ್ ಅಲ್ಲ ಅಂತ ನಂಗೆ ಗೊತ್ತಿತ್ತು. ಜಾತಕ ತರೋರಿಗೆಲ್ಲ ಇನ್ನು ಈ ಕಡೆ ಬರ್ಬೇಡಿ ಅಂದಿದ್ದು ಯಾರು ಅಂದ್ಕೊಂಡೆ? ಅಷ್ಟು ಮಾಡ್ದೆ. ನಿನ್ ಹತ್ರ ಕೂತ್ಕೊಂಡು ಒಂದು ಮಾತು ಕೇಳ್ಬೇಕಿತ್ತು, ಅದು ಮಾಡ್ಲಿಲ್ಲ. ನೀನು ಹೌದು ಅಂದ್ಬಿಟ್ರೆ ನಾನ್ ಏನ್ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಅದನ್ನೂ ಬರಿ ಅದ್ರಲ್ಲಿ. ಆಮೇಲೆ ಮಾರ್ಕ್ಸ್ ನೋಡೋಣ."

ಅವಳ ಕಣ್ಣು ತುಂಬಿತ್ತು, ನನ್ನದೂ. ಇಬ್ಬರ ಕೈಗಳೂ ಅವರೆಯ ಲೋಳೆಯಾಗಿದ್ದರಿಂದ ಒರೆಸಿಕೊಳ್ಳುವಂತಿರಲಿಲ್ಲ. ಹಾಗೇ ಅಳುತ್ತಾ, ಒಂದು ಸೇರಿನಷ್ಟು ಕಾಳು ಹಿತುಕಿದೆವು. ಸಾರು ಚೆನ್ನಾಗಿಯೇ ಆಯಿತು.

ಓದುಗ ಮಿತ್ರರೇ, ನನ್ನ ಕಲ್ಪನಾಶಕ್ತಿಯ ಬಗ್ಗೆ ನನಗೆ ಹೆಮ್ಮೆಯಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಗಂಧಕದ ಸಮುದ್ರದಲ್ಲಿ ಈಜುವ ಜೀವಿಗಳನ್ನು ಕಲ್ಪಿಸಿದ್ದೇನೆ, ಮೂರು ಹೃದಯಗಳಿರುವ ಜನಾಂಗಕ್ಕೆ ಮದುವೆಯ ಕಾನೂನು ಬರೆದುಕೊಟ್ಟಿದ್ದೇನೆ. ಅವರೆಲ್ಲರಿಗೂ ಧಾರಾಳವಾದ ಬುದ್ಧಿಯನ್ನೂ ಔದಾರ್ಯವನ್ನೂ ಹಂಚಿದ ನಾನು, ಹತ್ತು ಹೆಜ್ಜೆ ದೂರದ ಅಡುಗೆಮನೆಯಲ್ಲಿದ್ದ ಒಬ್ಬ ಗಣಿತದ ಮೇಡಮ್ಮನಿಗೆ ಅದರಲ್ಲಿ ಒಂದು ಚಮಚೆಯಷ್ಟನ್ನೂ ಬಡಿಸಿರಲಿಲ್ಲ. ನನ್ನ ಗುಟ್ಟನ್ನು ಕಾಯ್ದುಕೊಳ್ಳಬೇಕಾದರೆ ಅವಳು ದಡ್ಡಿಯಾಗಿರಬೇಕಿತ್ತು, ಆದ್ದರಿಂದ ಅವಳನ್ನು ದಡ್ಡಿಯೆಂದೇ ಭಾವಿಸಿಕೊಂಡು ಇಪ್ಪತ್ತೆಂಟು ವರ್ಷ ಅವಳ ಕೈಯಡುಗೆ ಉಂಡೆ. ಅವಳೂ ಹೆದರಿದ್ದಳು, ಅದು ನಿಜ. ಆದರೆ ಅವಳ ಹೆದರಿಕೆ ನನ್ನ ಪಾಲಿಗೆ ಕಷಾಯವಾಗಿ ಬಂತು, ನನ್ನದು ಅವಳ ಪಾಲಿಗೆ ಸುಳ್ಳಾಗಿ ಹೋಯಿತು. ಈ ವ್ಯತ್ಯಾಸ ಈಗಲೂ ನನ್ನನ್ನು ಕುಟುಕುತ್ತದೆ.

ಕಥೆಯನ್ನು ತಿದ್ದಿ ಬರೆದೆ. ನೆರಳುಗಳನ್ನು ಎರಡು ಮಾಡಿದೆ, ವರ್ಷವನ್ನು ಇನ್ನೂರ ಹದಿನಾಲ್ಕು ದಿನಕ್ಕೆ ನಿಲ್ಲಿಸಿದೆ, ಯಮಳ ಗ್ರಹಕ್ಕೆ ಪ್ರೆಷರ್ ಕುಕ್ಕರನ್ನು ಸರಬರಾಜು ಮಾಡಿದೆ. ಅಕ್ಕನ ಪಾತ್ರಕ್ಕೆ ಬಂದಾಗ ಕೈ ನಿಧಾನವಾಯಿತು, ಆ ನಾಲ್ಕು ಪುಟಕ್ಕೆ ಮೂರು ವಾರ ಹಿಡಿಯಿತು. ಮುಂದಿನ ತಿಂಗಳ ಎರಡನೇ ಭಾನುವಾರ ನಾನು ಹೊರಟು ನಿಂತಾಗ ಅಕ್ಕ ಇಸ್ತ್ರಿ ಮಾಡಿದ ಮೈಸೂರು ರೇಷ್ಮೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ. ಅದೆಂಥಾ ವೇದಿಕೆ ನೋಡ್ಬೇಕು. ಎರಡು ನೆರಳು ಕಾಣದೇ ಇರೋರ ಹತ್ರ ನೀನು ಏಳು ವರ್ಷದಿಂದ ಏನ್ ಕಲ್ತೆ ಅಂತ" ಎಂದಳು. ಬಸ್ಸಿನಲ್ಲಿ ಕ್ಯಾರಿಯರನ್ನು ತೊಡೆಯ ಮೇಲೆ ತಾನೇ ಇಟ್ಟುಕೊಂಡಳು, ನನಗೆ ಕೊಡಲಿಲ್ಲ.

ಮಂಜುಳಾ ಗಾಬರಿಯಲ್ಲಿ ಎರಡು ಸಲ ನಮಸ್ಕಾರ ಮಾಡಿದಳು. ವಯಸ್ಸಾದವರನ್ನು ಚಾಪೆಯ ಮೇಲೆ ಕೂರಿಸಬಾರದೆಂದು ರೇಣುಕಾ ಮಹಡಿಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ನಾಗೇಶ ಟಿಕೆಟ್ ಕೇಳುವವನಂತೆ ಎದುರಿಗೆ ಹೋಗಿ ನಿಂತು, ವಾಪಸು ಬಂದ. ನಾನು ಓದಲು ಆರಂಭಿಸಿದ ಮೇಲೆ ಸಿಂಚನಾ ಬಂದಳು. ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು, ಸಮವಸ್ತ್ರದ ಮೇಲೆ ಒಂದು ಶಾಲು. ಸದ್ದಾಗಬಾರದೆಂದು ತಲೆ ತಗ್ಗಿಸಿಕೊಂಡೇ ಒಳಗೆ ಬಂದವಳು, ಬಾಗಿಲ ಪಕ್ಕ ಕೂತಿದ್ದವರನ್ನು ನೋಡಲೇ ಇಲ್ಲ. ಮುಂದೆ ಚಾಪೆಯ ಅಂಚಿನಲ್ಲಿ ಕೂತಳು.

ಓದಿ ಮುಗಿಸಿದೆ. ಯಮಳ ಗ್ರಹದ ಅಕ್ಕ ಈಗ ಎಲ್ಲ ಬಲ್ಲವಳು. ತಮ್ಮನ ಗೆಳೆಯ ಹೋದ ವರ್ಷ ಅವಳು ಕೇಳಬೇಕಾದ ಮಾತು ಕೇಳಲಾರದೆ ಕಷಾಯ ಕಾಯಿಸುತ್ತಾಳೆ. ಹಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ, ಎದುರು ಕೂತು, ಕೇಳುತ್ತಾಳೆ. ಕೊಕ್ಕೆಯ ಸರದಿ ಬಂತು. ನಾಗೇಶ, ಆ ಗ್ರಹದಲ್ಲಿ ನೀರಿನ ಕೊಳವೆ ಹಾಕಲು ಯಾರ ಜಮೀನು ತಗೊಂಡರೆಂದು ಕೇಳಿದ. ಮಂಜುಳಾ ಏನೂ ಇಲ್ಲವೆಂದಳು. ಕೊನೆಗೆ ಸಿಂಚನಾ ಕೈಯೆತ್ತಿದಳು.

"ಸಾರ್, ಬೇಜಾರ್ ಮಾಡ್ಕೋಬೇಡಿ. ಎರಡು ಸೂರ್ಯ ನಂಬ್ತೀನಿ. ಅಕ್ಕನ ಪಾತ್ರ ನಂಬಕ್ಕಾಗಲ್ಲ. ಗೊತ್ತಿದ್ದೂ ಊಟ ಹಾಕೋರು, ಜೊತೆಗೆ ಇಟ್ಕೊಳೋರು, ಇಂಥೋರು ಎಲ್ಲೂ ಇರಲ್ಲ ಸಾರ್."

ನಿಯಮದ ಪ್ರಕಾರ ನಾನು ತುಟಿ ಬಿಚ್ಚುವಂತಿರಲಿಲ್ಲ. ಬಾಗಿಲ ಪಕ್ಕದಿಂದ ಕ್ಯಾರಿಯರಿನ ಕೊಂಡಿ ಕಳಚಿದ ಸದ್ದು ಕೇಳಿಸಿತು, ಅದರ ಹಿಂದೆ ಅಕ್ಕನ ತರಗತಿಯ ದನಿ: "ನಂಬೋದು ಬಿಡೋದು ಆಮೇಲೆ ನೋಡ್ಕೊಳ್ಳೋಣ ಬಾಮ್ಮ. ಡ್ಯೂಟಿ ಮುಗಿಸ್ಕೊಂಡು ಹಾಗೇ ಬಂದಿದ್ದೀಯ, ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀಯಾ? ತಟ್ಟೆ ತಗೊ ಮೊದ್ಲು."

ಸಿಂಚನಾ ತಿರುಗಿ ನೋಡಿದಳು. ರೇಷ್ಮೆ ಸೀರೆಯ ಮುದುಕಿಯನ್ನೂ, ನನ್ನನ್ನೂ, ಮತ್ತೆ ಅವಳನ್ನೂ ನೋಡಿದಳು. ಆಮೇಲೆ ಎದ್ದು ಹೋಗಿ ಎರಡೂ ಕೈಯಿಂದ ತಟ್ಟೆ ಹಿಡಿದು ನಿಂತಳು.